ಕೋಟಿನ ಮೂರನೇ ಗುಂಡಿ

ಕೋಟಿಗೆ ಮೂರನೇ ಗುಂಡಿ ಇರಲಿಲ್ಲ. ಅದರ ದಾರವನ್ನು ಯಾರೋ ಕತ್ತರಿಯಿಂದ ನೀಟಾಗಿ ಕತ್ತರಿಸಿದ್ದರು. ರಾಮಗಿರಿಯ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತ್ತು. ಬೆಳಗಿನ ರೈಲಿನ ಚಳಿಗೆಂದು ಹೊಳಲ್ಕೆರೆ ಸಂತೆಯ ಹಳೇ ಬಟ್ಟೆ ರಾಶಿಯಲ್ಲಿ ಆ ಕಂದು ಕೋಟನ್ನು ಆರಿಸಿದ್ದೆ. ದಪ್ಪ ಉಣ್ಣೆ, ಗಟ್ಟಿ ಹೊಲಿಗೆ. ಹೊಸದು ನನ್ನ ಕೈಗೆಟುಕುವಂತಿರಲಿಲ್ಲ.

ಅಜ್ಜಿ ದಾರದ ತುದಿ ಮುಟ್ಟಿ ನೋಡಿದಳು. "ಇದು ಸತ್ತೋರ್ದು ಕಣವ್ವ."

ಸತ್ತವರ ಬಟ್ಟೆಯನ್ನು ಹೊರಗೆ ಕೊಡುವಾಗ ಒಂದು ಗುಂಡಿ ಕತ್ತರಿಸಿ ಮನೆಯಲ್ಲಿಟ್ಟುಕೊಳ್ಳುವುದು ನಮ್ಮ ಕಡೆ ಕೆಲವರ ರೂಢಿ.

"ಅವರಿಗೇನು ಚಳಿ ಆಗ್ತೈತಾ ಅಜ್ಜಿ? ನನಗಾಗ್ತೈತೆ," ಅಂದೆ.

"ನಗಬ್ಯಾಡ. ಗುಂಡಿ ಇರೋ ಮನೆಗೇ ಅದು ತೊಟ್ಟೋರ್ನ ಎಳೀತೈತೆ."

ಮೊದಲ ದಿನ ರಾಮಗಿರಿಯಲ್ಲಿ ಇಳಿದು ಶಾಲೆಗೆ ಎಡಕ್ಕೆ ಹೋಗಬೇಕಾದವಳು, ಯಾವುದೋ ಯೋಚನೆಯಲ್ಲಿ ಬಲಕ್ಕೆ ತಿರುಗಿದೆ. ಕಾಲು ನಿಂತಾಗ ಅಪರಿಚಿತ ಮನೆಯೊಂದರ ಮುಂದಿದ್ದೆ. ಅಂಗಳ ಗುಡಿಸುತ್ತಿದ್ದ ಮುದುಕಿ ನನ್ನ ಮುಖ ನೋಡಲಿಲ್ಲ, ಕೋಟು ನೋಡಿದಳು.

"ಯಾಕೆ ಇಷ್ಟು ತಡ ಆತು? ಬಾ," ಎಂದು ಬಾಗಿಲು ತೆರೆದೇ ಬಿಟ್ಟು ಒಳಗೆ ಹೋದಳು. ಬಾಗಿಲ ಪಕ್ಕದ ಗೂಡಿನಲ್ಲಿ, ಆರಿದ ದೀಪದ ಬಳಿ, ಒಂದು ಕಂದು ಗುಂಡಿ ಇತ್ತು.

ನಾನು ಒಳಗೆ ಹೋಗಲಿಲ್ಲ. ಶಾಲೆ ತಲುಪುವವರೆಗೂ ಹಿಂದೆ ತಿರುಗಲಿಲ್ಲ. ಸಂಜೆ ಅಜ್ಜಿಗೆ ಹೇಳಿದಾಗ, "ಸುಟ್ಟುಬಿಡು," ಅಂದಳು. ಆದರೆ ಚಳಿಗಾಲ ಪೂರ್ತಿ ಮುಂದಿತ್ತು, ನನಗೆ ಬೇರೆ ಕೋಟು ಇರಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಕಾಲೇಜಿನ ದಿನಗಳ ಅಂಗಿಯಿಂದ ಒಂದು ಗುಂಡಿ ಕತ್ತರಿಸಿ, ಎಳೆಯುವುದಾದರೆ ಇನ್ನು ನನ್ನ ಮನೆಗೇ ಎಳೆಯಲಿ ಎಂದು ಕೋಟಿನ ಖಾಲಿ ಜಾಗಕ್ಕೆ ಭದ್ರವಾಗಿ ಹೊಲಿದು, ತೊಟ್ಟುಕೊಂಡು ರೈಲಿಗೆ ಹೊರಟೆ.