ಮಾವನ ಮೋಟಾರಿನ ಮುರಿದ ಅಚ್ಚು

ನಮ್ಮ ಮನೆಯಲ್ಲಿ ಸೋದರಮಾವನ ಫೋಟೋಗೆ ಈಗಲೂ ಹಬ್ಬದ ದಿನ ಮಾಲೆ ಹಾಕುತ್ತಾರೆ. ನಾನು ಹಾಕುವುದಿಲ್ಲ. ಅವನ ಮೇಲಿನ ಸಿಟ್ಟು ಪೂರ್ತಿ ಆರಿದೆ ಎಂದು ಸುಳ್ಳು ಹೇಳಿ ನನಗೇನೂ ಆಗಬೇಕಾದ್ದಿಲ್ಲ.

ಮಾವ ಹುಬ್ಬಳ್ಳಿಯ ಅರಳೆ ವ್ಯಾಪಾರಿ. ಆಗಿನ್ನೂ ಬ್ರಿಟಿಷರ ಆಳ್ವಿಕೆ. ಊರಿನಲ್ಲಿ ಸ್ವಂತ ಮೋಟಾರು ಇದ್ದವರು ಬೆರಳೆಣಿಕೆಯ ಮಂದಿ. ಅವರಲ್ಲಿ ಇವನೊಬ್ಬ. ನಾನು ಗಬ್ಬೂರಿನ ಒಕ್ಕಲು ಮನೆತನದವನು, ಅವನ ಡ್ರೈವರ್. ಅಕ್ಕನ ಮಗ ಎಂದು ಕರೆಯುತ್ತಿದ್ದ, ಆಳಿನಂತೆ ನೋಡುತ್ತಿದ್ದ.

ಒಮ್ಮೆ ಅವನ ಮಗಳನ್ನು ನೋಡಲು ಬಂದ ಬೀಗರನ್ನು ಧಾರವಾಡಕ್ಕೆ ಬಿಟ್ಟು ಬರಬೇಕಿತ್ತು. ಗತ್ತು ತೋರಿಸಲು ನನ್ನನ್ನು ಪಕ್ಕಕ್ಕೆ ಸರಿಸಿ ತಾನೇ ಸ್ಟೇರಿಂಗ್ ಹಿಡಿದ. ನವಲೂರಿನ ಏರಿನಲ್ಲಿ ದನಗಳು ಅಡ್ಡ ಬಂದು ಮೋಟಾರು ನಿಂತಿತು. ಮತ್ತೆ ಹೊರಡುವಾಗ ಎಂಜಿನ್ನನ್ನು ಗರ್ಜಿಸಲು ಬಿಟ್ಟು, ಕ್ಲಚ್ಚಿನ ಮೇಲಿನ ಕಾಲನ್ನು ಧಡಕ್ಕನೆ ತೆಗೆದ. ಅದು ಅವನ ಹಳೆಯ ಚಾಳಿ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತಿತ್ತು. ಹಿಂದಿನ ಗಾಲಿಗಳ ನಡುವೆ ಫಟ್ಟೆಂದು ಸದ್ದಾಯಿತು. ಅಚ್ಚಿನೊಳಗೆ ಗಾಲಿಯನ್ನು ತಿರುಗಿಸುವ ಉಕ್ಕಿನ ಶಾಫ್ಟು ಎರಡು ತುಂಡಾಗಿತ್ತು.

"ಈ ಖೋಡಿ ಅಚ್ಚು ಮೊದಲ ಹಾಳ ಮಾಡಿಟ್ಟಿದ್ದಾನ್ರಿ," ಎಂದ ಬೀಗರಿಗೆ, ಕಣ್ಣು ಮಿಟುಕಿಸದೆ. "ದಿನಾ ಚಕ್ಕಡಿ ಹೊಡದಂಗ ಹೊಡೀತಾನ. ಅಕ್ಕನ ಮಗಾ ಅಂತ ಇಟಗೊಂಡ್ರ ಹಿಂಗಾತು."

ಬೀಗರು ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ತಲೆಯ ಮೇಲಿನ ಟೊಪ್ಪಿಗೆ ಕಿತ್ತು ಧೂಳಿಗೆ ಎಸೆದ. ನನ್ನ ಕೆಲಸ ಅಲ್ಲಿಗೇ ಮುಗಿಯಿತು. ಅಲ್ಲಿಂದ ಹುಬ್ಬಳ್ಳಿಯವರೆಗೆ ನಡೆದುಕೊಂಡು ಬಂದೆ.

ನಾನು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಸ್ಸಿನಂತೆ ಮಂದಿ ಸಾಗಿಸುವ ಸರ್ವಿಸ್ ಮೋಟಾರು ನಿಲ್ಲುವ ಕಡೆ ಡ್ರೈವರುಗಳು ನನಗೆ 'ಅಚ್ಚುಮುರುಕ' ಎಂದು ಹೆಸರಿಟ್ಟರು. ಕೆಲಸ ಕೇಳಲು ಹೋದರೆ ಮಾಲೀಕರು ಮುಖ ನೋಡಿ ನಗುತ್ತಿದ್ದರು. ಮೋಟಾರು ಬಿಟ್ಟರೆ ನನಗೆ ಬೇರೆ ಕಸುಬು ಬಾರದು. ಅವ್ವನಿಗೆ ಹೇಳಿದರೆ, "ತಮ್ಮ ಅದಾನಪಾ, ಅವನ ಮಾನ ಕಳೀಬ್ಯಾಡ," ಎಂದಳು. ನನ್ನ ಮಾನವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ಬಾಯಿಂದಲೇ, ನಾಲ್ಕು ಮಂದಿಯ ಎದುರಿಗೆ, ಖರೇ ಮಾತು ಹೊರಡಿಸದೆ ಬಿಡುವುದಿಲ್ಲ ಎಂದು ಅಂದೇ ಹಲ್ಲು ಕಚ್ಚಿದೆ.

ಮಾವ ಹೊಸ ಮೋಟಾರು ತಂದ. ಹಳೆಯದನ್ನು ಬಿಚ್ಚಿ ಗುಜರಿಗೆ ಹಾಕಿದ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ಗುಜರಿ ಮತ್ತು ರಿಪೇರಿ ಎರಡನ್ನೂ ಮಾಡುತ್ತಿದ್ದ ಮುದುಕನೊಬ್ಬನಿದ್ದ. ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವನ ಕೊಟ್ಟಿಗೆಯ ಮೂಲೆಯಲ್ಲಿ, ಮಾವನ ಅಂಗಡಿಯ ಗುರುತು ಕೆತ್ತಿದ್ದ ಆ ಅಚ್ಚು ಬಿದ್ದಿರುವುದನ್ನು ಕಂಡು ನನ್ನ ಮೈಯೆಲ್ಲ ಉರಿಯಿತು. ಪಕ್ಕದಲ್ಲೇ ಎಂಜಿನ್ ಗಟ್ಟಿಯಿದ್ದು ಹಿಂದಿನ ಅಚ್ಚು ಇಲ್ಲದ ಹಳೆಯ ಮೋಟಾರೊಂದಿತ್ತು, ಮೇಲಿನ ಬಾಡಿಯೂ ಇರಲಿಲ್ಲ.

"ಚಾಚಾ, ಇವೆರಡೂ ಕೂಡಸ್ತೇನಿ. ಆಮ್ಯಾಲೆ ನಿಮ್ಮ ಹೆಸರಿನಾಗ ಬಾಡಿಗಿ ಹೊಡೀತೇನಿ," ಎಂದೆ.

ಚಾಚಾ ಗಡ್ಡ ಕೆರೆದುಕೊಂಡ. "ಅಚ್ಚು ಕೂಡಸ್ತಿಯೋ, ಸೇಡು ಕೂಡಸ್ತಿಯೋ?"

"ಎರಡೂ."

"ಹಂಗಾದ್ರ ಅಚ್ಚು ಮೊದಲು ಕೂಡಸು, ಬೇಟಾ."

ಹೊರಗಿನ ಕವಚ, ಒಳಗಿನ ಹಲ್ಲುಗಾಲಿಗಳು ಚೆನ್ನಾಗಿದ್ದವು. ಮುರಿದ ಶಾಫ್ಟಿನ ಬದಲು ಸುಟ್ಟುಹೋದ ಲಾರಿಯೊಂದರ ದಪ್ಪ ಶಾಫ್ಟನ್ನು ಲೇತಿನ ಮೇಲೆ ಕಡೆಸಿದೆವು. ಉಕ್ಕು ಗಟ್ಟಿಯಾಗಲೆಂದು ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಕುಸುಬಿ ಎಣ್ಣೆಯಲ್ಲಿ ಅದ್ದಿದಾಗ ಓಣಿಯ ತುಂಬ ಬಜಿ ಕರಿದ ವಾಸನೆ. ಪ್ರತಿ ನಟ್ಟು ಬಿಗಿಯುವಾಗಲೂ ನಾನು ಮನಸ್ಸಿನಲ್ಲಿ ಮಾವನ ಕುತ್ತಿಗೆಯನ್ನೇ ತಿರುವುತ್ತಿದ್ದೆ. ತಪ್ಪಾದದ್ದು ಅಲ್ಲೇ.

ಸ್ಪ್ರಿಂಗು ಕೂರುವ ಕಡೆ ಮಾತ್ರ ಅಚ್ಚಿನ ಮೈ ತುಕ್ಕು ಹಿಡಿದು ಸವೆದಿತ್ತು. ಕೆಳಗಿನ ಮೈ ಗಟ್ಟಿಯಾಗಿತ್ತು. ಗಬ್ಬೂರಿನಲ್ಲಿ ಚಕ್ಕಡಿಯ ಅಚ್ಚು ಒಂದು ಮಗ್ಗುಲು ಸವೆದರೆ ಬೋರಲು ಮಾಡಿ ಹಾಕುವುದು ವಾಡಿಕೆ. ನಾನೂ ಹಾಗೇ ಬೋರಲು ಮಾಡಿ ಹಾಕಿದೆ. ಚಾಚಾ ಆ ದಿನ ಜುಮ್ಮಾ ನಮಾಜಿಗೆ ಹೋಗಿದ್ದ.

ಮೋಟಾರು ಓಣಿಗೆ ಬಂತು. ಮಂದಿ ಸೇರಿದರು, ಮಾವನೂ ಸುದ್ದಿ ಕೇಳಿ ಬಂದು ನಿಂತಿದ್ದ. ಮೊದಲ ಗೇರು ಹಾಕಿ ಕ್ಲಚ್ ಬಿಟ್ಟೆ. ಮೋಟಾರು ಸೀದಾ ಹಿಂದಕ್ಕೆ ಹಾರಿ ಚಾಚಾನ ಡಬ್ಬಿಗಳ ರಾಶಿಗೆ ನುಗ್ಗಿತು. ಅಚ್ಚು ತಲೆಕೆಳಗಾದರೆ ಒಳಗಿನ ದೊಡ್ಡ ಹಲ್ಲುಗಾಲಿ ಆಚೆ ಮಗ್ಗುಲಿಗೆ ಹೋಗಿ ಗಾಲಿಗಳು ಉಲ್ಟಾ ತಿರುಗುತ್ತವೆ. ಎತ್ತು ಎಳೆಯುವ ಅಚ್ಚಿಗೆ ಆ ಚಿಂತೆಯಿಲ್ಲ.

ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಮುಂದ ಹೋಗೂದು ಇವನ ಹಣ್ಯಾಗ ಬರದಿಲ್ಲ! ಬನ್ನಿ ದಿನ ಗಬ್ಬೂರ ರಸ್ತೇಕ ತಗೊಂಡು ಬಾರಲೇ, ನನ್ನ ಮೋಟಾರಿನ ಜೋಡಿ ಓಡಸು. ಸೋತ್ರ ಸ್ಟೇರಿಂಗ್ ಮುಟ್ಟಬಾರದು."

"ನೀವು ಸೋತ್ರ, ನವಲೂರಾಗ ಅಚ್ಚು ಯಾರು ಮುರದ್ರು ಅಂತ ಎಲ್ಲಾರ ಮುಂದ ಹೇಳಬೇಕ್ರಿ," ಎಂದೆ. ನಗುವಿನ ಗುಂಗಿನಲ್ಲಿ ಒಪ್ಪಿಕೊಂಡ.

ನಾನು ಅಚ್ಚನ್ನು ಮತ್ತೆ ಬಿಚ್ಚಿದೆ. ಸವೆದ ಕಡೆ ಉಕ್ಕಿನ ಪಟ್ಟಿ ಕೂರಿಸಿ, ನೆಟ್ಟಗೆ ಮಾಡಿ ಹಾಕಿದೆ. ಈ ಸಲ ಚಾಚಾ ಪಕ್ಕದಲ್ಲಿ ಕೂತು ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದ.

ದಸರೆಯ ಬನ್ನಿ ದಿನ ಬಂತು. ಹಿಂದಿನ ದಿನದ ಆಯುಧಪೂಜೆಯ ಚೆಂಡುಹೂವು ಮಾವನ ಹೊಸ ಮೋಟಾರಿನ ಮೇಲೆ ಇನ್ನೂ ಇತ್ತು. ಅರಳೆ ಪೇಟೆಯವರು, ಡ್ರೈವರುಗಳು, ಅದೇ ಬೀಗರು ಸಹ ಬಂದಿದ್ದರು. ನಿಂತಲ್ಲಿಂದ ಹೊರಟು ದೂರದ ಹುಣಸೆಮರ ಮೊದಲು ಮುಟ್ಟಿದವನು ಗೆದ್ದಂತೆ.

ಮಾವನ ಮೋಟಾರು ಬಲವಾದದ್ದು. ಸರಿಯಾಗಿ ಹೊರಟರೆ ನಾನು ಅದರ ಧೂಳು ತಿನ್ನಬೇಕಿತ್ತು. ಆದರೆ ಮಾವನನ್ನು ನಾನು ಅವನ ಮೋಟಾರಿಗಿಂತ ಚೆನ್ನಾಗಿ ಬಲ್ಲೆ. ನಾಲ್ಕು ಮಂದಿಯ ಎದುರು ನನ್ನಂಥವನು ಬುದ್ಧಿ ಹೇಳಿದರೆ ಅವನಿಗೆ ತಲೆ ಕೆಡುತ್ತದೆ. ಬೀಗರಿಗೆ ಕೇಳುವಂತೆ ಕೂಗಿದೆ:

"ಮಾವಾ, ಕ್ಲಚ್ ಸಾವಕಾಶ ಬಿಡ್ರಿ! ನಿಮಗ ಅದರ ರೂಢಿ ಇಲ್ಲ!"

"ನನಗ ಕಲಸ್ತಿಯೇನಲೇ, ಅಚ್ಚುಮುರುಕಾ!"

ಚಾಚಾ ರುಮಾಲು ಕೆಳಗೆ ಬಿಟ್ಟ. ನಾನು ಮೆಲ್ಲಗೆ ಹೊರಟೆ. ಮಾವನ ಎಂಜಿನ್ ಆರ್ಭಟಿಸಿತು. ಆಮೇಲೆ ಅದೇ ಸದ್ದು: ಫಟ್! ನವಲೂರಿನ ಸದ್ದು. ಆ ಸದ್ದಿಗಾಗಿ ನಾನು ಎಷ್ಟು ಹಂಬಲಿಸಿದ್ದೆ! ತಿರುಗಿ ಸಹ ನೋಡಲಿಲ್ಲ. ಹುಣಸೆಮರ ಮುಟ್ಟಿ, ಸುತ್ತು ಹಾಕಿ, ಸಾವಕಾಶ ವಾಪಸು ಬಂದೆ.

ಮಾವ ಸ್ಟೇರಿಂಗ್ ಹಿಡಿದು ಹಾಗೇ ಕೂತಿದ್ದ. ಯಾರೂ ನಗುತ್ತಿರಲಿಲ್ಲ. ಹಿರಿಯರಿಗೆ ಕಿರಿಯರು ಬನ್ನಿ ಕೊಡಬೇಕಲ್ಲ, ನಾನು ಕಿಸೆಯಿಂದ ಎಲೆ ತೆಗೆದು ಅವನ ಕಾಲು ಮುಟ್ಟಿದೆ.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ ಮಾವಾ. ಈಗ ಹೇಳ್ರಿ, ನವಲೂರಾಗ ಅಚ್ಚು ಯಾರು ಮುರದ್ರು?"

ಬೀಗರು ಅವನ ಮುಖವನ್ನೇ ನೋಡುತ್ತಿದ್ದರು. "ನಾನ," ಎಂದ.

"ಹಿಂದ ನಿಂತವರಿಗೆ ಕೇಳಿಸಲಿಲ್ರಿ."

"ನಾನ ಮುರದೇನಿ!"

ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಅವನ ಮೋಟಾರಿಗೆ ಹಗ್ಗ ಬಿಗಿದು ನನ್ನ ಅಚ್ಚಿಗೆ ಕಟ್ಟಿದೆ. ಅವನು ಒಳಗೆ ಕೂತು ಸ್ಟೇರಿಂಗ್ ಹಿಡಿಯಲೇಬೇಕಿತ್ತು. ನಾನು ಹಗ್ಗ ಕಟ್ಟುವಾಗ ಬಗ್ಗಿ ನೋಡಿದ ಮಾವನಿಗೆ ಕವಚದ ಮೇಲೆ ತಾನೇ ಕೆತ್ತಿಸಿದ್ದ ತನ್ನ ಅಂಗಡಿಯ ಗುರುತು ಕಂಡಿತು. ತಾನು ಗುಜರಿಗೆ ಹಾಕಿದ ಅಚ್ಚೇ! ಅಂಗೈಯಿಂದ ಧೂಳು ಒರೆಸಿ ಮತ್ತೊಮ್ಮೆ ನೋಡಿದ.

ಅರಳೆ ಪೇಟೆಯ ನಡುವೆ ಹಾದು, ಸರ್ವಿಸ್ ಮೋಟಾರು ನಿಲ್ಲುವ ಕಡೆಯಿಂದ ಸುತ್ತು ಹಾಕಿ ಅವನನ್ನು ಎಳೆದುಕೊಂಡು ಹೋದೆ. ಮಂದಿ ಬನ್ನಿ ಹಂಚುತ್ತ ರಸ್ತೆಯ ಎರಡೂ ಬದಿಗೆ ನಿಂತಿದ್ದರು. ಮಾವ ಹಿಂದಿನಿಂದ ಗೋಗರೆದ: "ಲಗೂ ಹೊಡೀಯೋ, ನಿನ್ನ ಕಾಲು ಬೀಳ್ತೇನಿ!"

ನಾನು ತಿರುಗಿ ಹೇಳಿದೆ, ಎಲ್ಲರಿಗೂ ಕೇಳುವಂತೆ: "ಲಗೂ ಹೊಡದ್ರ ಅಚ್ಚು ಮುರೀತೈತ್ರಿ, ಮಾವಾ."