ಕರುಗಲ್ಲಿನ ಪುಟ

ಹಾಲಿನ ಡೈರಿಯ ಕಾರ್ಯದರ್ಶಿ ಫೋನ್ ಮಾಡಿದಾಗ ನಾನು ಮದ್ದೂರಿನ ಮನೆಯಲ್ಲಿ ಬೆಳಗಿನ ಕಾಫಿ ಸೋಸುತ್ತಿದ್ದೆ. "ಮೇಷ್ಟ್ರೇ, ನಮ್ಮೂರ ಕರುಗಲ್ಲ ಯಾರೋ ಕಿತ್ತಾಕವ್ರೆ. ಒಂದ್ಸಲ ಬಂದೋಗಿ," ಎಂದ. ಅಷ್ಟೇ. ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಭಯವಾದದ್ದು ಅದಕ್ಕೇ.

ಮಳವಳ್ಳಿಯಿಂದ ಬೆಳಕವಾಡಿಗೆ ಹೋಗುವ ರಸ್ತೆಯಿಂದ ಒಳಗಿರುವ ಸಣ್ಣ ಊರು ಅದು. ಊರು ಕಟ್ಟುವಾಗ ಮೊದಲು ನೆಟ್ಟ ಕಲ್ಲನ್ನು ನಮ್ಮ ಸೀಮೆಯಲ್ಲಿ ಕರುಗಲ್ಲು ಎನ್ನುತ್ತಾರೆ. ದನಗಳಿಗೆ ಕಾಯಿಲೆ ಬಂದರೆ ಆ ಕಲ್ಲಿಗೆ ನೀರು ಸುರಿದು, ಹರಿದ ನೀರನ್ನು ತುಳಿಸಿ ದಾಟಿಸುತ್ತಾರೆ. ಕಲ್ಲಿನ ಕೆಳಗೆ ಏನು ಹಾಕಿದ್ದಾರೆ ಎಂಬುದು ಆ ಊರಿನಲ್ಲಿ ಒಂದೇ ಮನೆಯವರಿಗೆ ಗೊತ್ತು. ಅತ್ತೆ ಸೊಸೆಯ ಕಿವಿಯಲ್ಲಿ ಹೇಳುತ್ತಾಳೆ. ಆ ಸೊಸೆ ಮುಂದೆ ತನ್ನ ಸೊಸೆಗೆ. ಗಂಡಸರಿಗೆ ಹೇಳುವುದಿಲ್ಲ. ಮೊದಲ ಕೊಡ ನೀರು ಸುರಿಯುವ ಹಕ್ಕೂ ಆ ಗುಟ್ಟು ಕಾಯುವವಳದೇ.

ಆ ಗುಟ್ಟನ್ನು ನನಗೆ ಹೇಳಿದ್ದರು.

ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಮದ್ದೂರು, ಮಳವಳ್ಳಿ ಎರಡು ತಾಲ್ಲೂಕುಗಳ ಮರ, ಕೆರೆ, ಕಲ್ಲು, ಆಚರಣೆಗಳ ಬಗ್ಗೆ ಒಂದು ಪುಸ್ತಕ ಬರೆಯುತ್ತಿದ್ದೆ. ಆ ಮನೆಯ ಅಜ್ಜಿಯ ಹತ್ತಿರ ಮೂರು ಭಾನುವಾರ ಕೂತಿದ್ದೆ. ಮೂರನೆಯ ಭಾನುವಾರ ಅವರು ಹುರುಳಿ ಕೇರುತ್ತಾ, ನಾನು ಕೇಳದೆಯೇ, ಹೇಳತೊಡಗಿದರು. ಒಳಗಿನಿಂದ ಸೊಸೆ ಕೂಗಿದರು: "ನಂಗೇಳ್ಬೇಕಾದ್ದ ಮೇಷ್ಟ್ರಿಗೆ ಏಳ್ತಿದ್ದೀರಲ್ಲತ್ತೆ!"

"ಆ ಟೀವಿ ಬುಟ್ಟು ಬಂದು ಕೂತ್ಕೊ, ನಿಂಗೂ ಏಳ್ತೀನಿ," ಎಂದರು ಅಜ್ಜಿ. ನನ್ನ ಕಡೆ ತಿರುಗಿ, "ಬರ್ಕೊ ಮಗ. ಇದ್ದಕ್ಕಿದ್ದಂಗೆ ನಾನು ಗೊಟಕ್ ಅಂದ್ರೆ ಕಲ್ಲಿಗೆ ದಿಕ್ಕ್ಯಾರು?"

ಬರೆದುಕೊಂಡೆ. ಪುಸ್ತಕ ಮಂಡ್ಯದಲ್ಲಿ ಅಚ್ಚಾಯಿತು. ಊರಿನ ಹೆಸರು ಹಾಕಿದೆ, ಅಜ್ಜಿಯ ಹೆಸರು ಹಾಕಲಿಲ್ಲ, 'ಊರಿನ ಹಿರಿಯರೊಬ್ಬರು' ಎಂದು ಬರೆದೆ. ಅಷ್ಟು ಎಚ್ಚರ ವಹಿಸಿದರೆ ಸಾಕು ಎಂದುಕೊಂಡಿದ್ದೆ.

ನಾನು ಹೋಗುವ ಹೊತ್ತಿಗೆ ಬಿಸಿಲೇರಿತ್ತು. ಕಲ್ಲು ಮಗ್ಗುಲಾಗಿ ಬಿದ್ದಿತ್ತು. ಇಷ್ಟು ವರ್ಷ ಮಣ್ಣಿನೊಳಗಿದ್ದ ಭಾಗ ಮೇಲಿನ ಭಾಗಕ್ಕಿಂತ ಉದ್ದವಾಗಿತ್ತು. ಅದು ನನಗೆ ಗೊತ್ತಿರಲಿಲ್ಲ. ಗುಂಡಿ ಸೊಂಟದ ಆಳ. ಅಂಚಿನಲ್ಲಿ ಹಾರೆಯ ಗುರುತುಗಳು. ತೆಗೆದ ಮಣ್ಣನ್ನು ಜರಡಿ ಹಿಡಿದಿದ್ದರು. ನುಣ್ಣಗಿನದು ಒಂದು ಕಡೆ, ಹೆಂಟೆ ಒಂದು ಕಡೆ. ನುಣ್ಣಗಿನ ರಾಶಿಯ ಮೇಲೆ, ಕಲ್ಲಿನ ಕೆಳಗೆ ಹೂತಿದ್ದ ಮಣ್ಣಿನ ಕುಡಿಕೆಯ ಚೂರುಗಳು. ಊರಿನವರು ಸುತ್ತ ನಿಂತಿದ್ದರು. ಯಾರೂ ಹತ್ತಿರ ಹೋಗುತ್ತಿರಲಿಲ್ಲ.

ಕಾರ್ಯದರ್ಶಿ ಅಂಗಿಯ ಜೇಬಿನಿಂದ ಮಡಿಸಿದ ಹಾಳೆಯೊಂದನ್ನು ತೆಗೆದು ಕೊಟ್ಟ. "ಗುಂಡೀಲಿ ಸಿಕ್ತು."

ಜೆರಾಕ್ಸ್ ಪ್ರತಿ. ನನ್ನ ಪುಸ್ತಕದ ಪುಟ. ಒಂದು ವಾಕ್ಯದ ಕೆಳಗೆ ಕೆಂಪು ಗೆರೆ ಎಳೆದಿದ್ದರು: 'ಕರುಗಲ್ಲಿನ ಬುಡದಲ್ಲಿ ಚಿನ್ನ, ಬೆಳ್ಳಿ, ನವಧಾನ್ಯಗಳನ್ನು ಹುಗಿದಿರುತ್ತಾರೆ.'

ಮತ್ತೆ ಓದಿದೆ. ಅಕ್ಷರಗಳು ಕಾಣಿಸುತ್ತಿದ್ದವು, ಅರ್ಥ ತಲೆಗೆ ಹೋಗುತ್ತಿರಲಿಲ್ಲ. ಚೀಲದಲ್ಲಿ ಹಳೆಯ ನೋಟ್‌ಬುಕ್ ಇತ್ತು. ಹೊರಡುವಾಗ ಯಾಕೆ ಹಾಕಿಕೊಂಡೆನೋ ಗೊತ್ತಿಲ್ಲ. ತೆಗೆದು ಆ ಭಾನುವಾರದ ಹಾಳೆ ನೋಡಿದೆ. ನನ್ನದೇ ಕೈಬರಹ, ಅಜ್ಜಿಯದೇ ಮಾತು: 'ಒಂದು ಗುಂಜಿ ಚಿನ್ನ, ಒಂದು ಚೂರು ಬೆಳ್ಳಿ, ಒಂಬತ್ತು ಕಾಳು.' ಗುಂಜಿ ಎಂದರೆ ಅಕ್ಕಸಾಲಿಗರು ತೂಕಕ್ಕಿಡುವ ಕೆಂಪು ಬೀಜ. ಆ ತೂಕದ ಚಿನ್ನ ಉಗುರಿನ ಸಂದಿಯಲ್ಲಿ ಅಡಗುತ್ತದೆ. ಅಚ್ಚಿಗೆ ಕೊಡುವಾಗ ಗುಂಜಿಯನ್ನೂ ಚೂರನ್ನೂ ನಾನೇ ತೆಗೆದಿದ್ದೆ. ವಾಕ್ಯ ಗಂಭೀರವಾಗಿ ಕೇಳಲಿ ಎಂದು. ಬೇರೆ ಕಾರಣ ಇರಲಿಲ್ಲ.

ಅಲ್ಲೇ ಹೆಂಟೆಯ ಮೇಲೆ ಕೂತೆ.

"ಮೇಷ್ಟ್ರೇ," ಎಂದ ಕಾರ್ಯದರ್ಶಿ, "ನಿಮ್ಗೆ ಇದ್ನ ಏಳಿದ್ಯಾರು?"

ಜನ ಒಂದು ಹೆಜ್ಜೆ ಮುಂದೆ ಬಂದರು. ಅಜ್ಜಿ ಸೊಸೆಯ ಹೆಗಲು ಹಿಡಿದು ಹಿಂದೆ ನಿಂತಿದ್ದರು. ಹೆಸರು ಹೇಳಿದರೆ ಅವರು ಇನ್ನು ಆ ಕಲ್ಲಿಗೆ ನೀರು ಸುರಿಯುವಂತಿಲ್ಲ. ಅವರ ಮನೆಯಿಂದಲೇ ಹಕ್ಕು ಹೋಗುತ್ತದೆ. ನೆನಪಿಲ್ಲ ಎನ್ನಲು ಬಾಯಿ ತೆರೆದೆ.

"ನಾನೇ ಕಣ್ಲಾ," ಎಂದರು ಅಜ್ಜಿ. "ಅವುನ್ಯಾಕೆ ಕೇಳ್ತೀಯ? ಏಳ್ದೋಳು ನಾನು. ಗುಂಜಿ ಅಂತ್ಲೇ ಏಳ್ದೆ. ಗುಂಜಿಗೆ ಯಾವ್ ಮುಂಡೇದು ಗುಂಡಿ ತೋಡುತ್ತೆ?"

ಎದ್ದು ನಿಂತು ನೋಟ್‌ಬುಕ್ಕಿನ ಸಾಲನ್ನು ಗಟ್ಟಿಯಾಗಿ ಓದಿದೆ. ಆಮೇಲೆ ಅಚ್ಚಿನ ಸಾಲು ಓದಿದೆ. "ಗುಂಜಿ, ಚೂರು ಎಂಬುದನ್ನು ತೆಗೆದವನು ನಾನು," ಎಂದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಯಾರೋ ಒಬ್ಬರು, "ಓದ್ದೋರ್ ಕತೆ ಇಷ್ಟೇ ಬುಡ್ರಪ್ಪ," ಎಂದು ಹೊರಟರು.

ಊರಿನವರು ಎರಡು ದಿನ ಮಾತಾಡಿ ತೀರ್ಮಾನಿಸಿದರು: ಕಲ್ಲು ಮತ್ತೆ ನೆಡುವುದು, ಹಕ್ಕು ಆ ಮನೆಯಲ್ಲೇ ಇರಲಿ, ಆದರೆ ಅಜ್ಜಿಗೆ ಬೇಡ, ಸೊಸೆಗೆ ಹೋಗಲಿ. ಮುಂದಿನ ಸೋಮವಾರ ಬೆಳಿಗ್ಗೆ ನನ್ನನ್ನೂ ಕರೆದರು. ಹಗ್ಗ ಎಳೆಯಲು ಕೈ ಹಾಕಿದೆ, ಯಾರೂ ಬೇಡವೆನ್ನಲಿಲ್ಲ. ಕಲ್ಲು ಗುಂಡಿಯ ಅಂಚಿಗೆ ಬಂದಾಗ ಅಜ್ಜಿ ನನ್ನ ತೋಳು ಮುಟ್ಟಿದರು.

"ನೀನೀಗ ರಸ್ತೆಯಾಚೆ ಓಗು ಮಗ. ಈ ಕಡೆ ತಿರಗ್ಬ್ಯಾಡ."

ಗಂಡಸರೆಲ್ಲ ಬಂದರು. ರಸ್ತೆಯಾಚೆ ಕಬ್ಬಿನ ಗದ್ದೆಗೆ ಮುಖ ಮಾಡಿ ಸಾಲಾಗಿ ನಿಂತೆವು. ಹಿಂದೆ ಗುಂಡಿಗೆ ಏನನ್ನೋ ಇಳಿಸಿದ ಸಣ್ಣ ಸದ್ದಾಯಿತು. ಅಜ್ಜಿಯ ಪಿಸುಮಾತು ಕೇಳಿಸಿತು, ಮಾತು ತಿಳಿಯಲಿಲ್ಲ. ಸೊಸೆ "ಊಂ" ಎಂದದ್ದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಕರೆದಾಗ ಹಿಂದಿರುಗಿ ಕಲ್ಲು ನಿಲ್ಲಿಸಿದೆವು. ಆಮೇಲೆ ಸೊಸೆಯ ಕೊಡದಿಂದ ನೀರು ಸುರಿದ ಸದ್ದು, ತುಂಬ ಹೊತ್ತು.

ಎರಡನೆಯ ಮುದ್ರಣ ಬರಬಹುದು, ಬರದೆಯೂ ಇರಬಹುದು. ಮಂಡ್ಯದ ಅಚ್ಚಿನ ಮನೆಯವರಿಗೆ ಆ ಪುಟ ತೆಗೆಯಿರಿ ಎಂದಿದ್ದೇನೆ. ಹೊರಗೆ ಹೋಗಿರುವ ಪ್ರತಿಗಳಿಗೆ ಏನು ಮಾಡಬೇಕೋ ನನಗೆ ತಿಳಿದಿಲ್ಲ. ಕಳೆದ ವಾರ ಯಾರೋ ಫೋನ್ ಮಾಡಿ ಪುಸ್ತಕ ಓದಿದೆ ಎಂದರು, ಹೊಗಳಿದರು, ಕೊನೆಗೆ ಆ ಊರಿನ ಕಲ್ಲಿನ ಕೆಳಗೆ ನಿಜವಾಗಿ ಏನಿದೆ ಎಂದು ಕೇಳಿದರು.

ಗೊತ್ತಿಲ್ಲ ಎಂದೆ. ಅದು ನಿಜವಾಗಿತ್ತು.