ಕಥೆಯ ಅಳತೆ

ನಿಜಾಮರ ಕಾಲದಲ್ಲಿ ನಾನು ಶಹಾಬಾದಿನ ಒಂದು ಪರಸಿ ಕಲ್ಲಿನ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಗಿರಾಕಿ ಇಲ್ಲದಾಗ ಕಥೆ ಬರೆದು ಗಡಿಯಾಚೆಯ ಮಾಸಪತ್ರಿಕೆಗೆ ಕಳಿಸುತ್ತಿದ್ದೆ. ಎಲ್ಲವೂ ವಾಪಸು ಬರುತ್ತಿದ್ದವು. ಒಂದು ಮಾತ್ರ ಅಚ್ಚಾಯಿತು. ಅಂದಿನಿಂದ ನಾನು ಎದೆಯುಬ್ಬಿಸಿ ನಡೆಯತೊಡಗಿದೆ.

ಒಮ್ಮೆ ಆ ಪತ್ರಿಕೆಯ ಸಂಪಾದಕರೇ ತಮ್ಮ ಹೊಸ ಮನೆಯ ನೆಲಕ್ಕೆ ಪರಸಿ ಕೊಳ್ಳಲು ನಮ್ಮ ಅಂಗಡಿಗೆ ಬಂದರು. ಒಂದೊಂದು ಕಲ್ಲನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಬಿರುಕಿದೆಯೇ ಎಂದು ಕಿವಿಗೊಟ್ಟು ಕೇಳಿ ಆರಿಸತೊಡಗಿದರು. ನಾನು ಹೆಸರು ಹೇಳಿಕೊಂಡು ಕೇಳಿದೆ:

"ನನ್ನ ಕಥ್ಯಾಗ ನಿಮಗ ಏನು ಛಲೋ ಅನಿಸ್ತರಿ?"

"ಅಳತಿ. ಕೂದಲೆಣ್ಣಿ ಜಾಹೀರಾತು ಕೊನೀ ಗಳಿಗ್ಯಾಗ ಬರಲಿಲ್ಲ, ಒಂದು ಪುಟ ಖಾಲಿ ಬಿತ್ತು. ಅಲ್ಲಿ ನಿಮ್ಮ ಕಥಿ ಸರಿಯಾಗಿ ಕುಂತಿತು. ನಸೀಬ ಭಾಳ ಛಲೋ ಅದ ನಿಮ್ಮದು."

"ಓದಿದ್ರೇನ್ರಿ?"

"ಅಷ್ಟು ವ್ಯಾಳ್ಯಾ ಎಲ್ಲಿತ್ತರಿ?" ಎನ್ನುತ್ತ ಮುಂದಿನ ಕಲ್ಲನ್ನು ತಟ್ಟಿ, ಕಣ್ಣು ಮುಚ್ಚಿ ಕೇಳಿದರು. ಅದು ಅವರಿಗೆ ಒಪ್ಪಿಗೆಯಾಗಲಿಲ್ಲ. ಇನ್ನೊಮ್ಮೆ ತಟ್ಟಿದರು.

ಹೊರಡುವಾಗ, "ಮತ್ತೊಂದು ಕಥಿ ಬರದು ಕಳಸ್ರಿ" ಎಂದರು.

ಬೇರೆ ಗಿರಾಕಿಗಳನ್ನು ಕೇಳುವಂತೆಯೇ ಅವರನ್ನೂ ಕೇಳಿದೆ: "ಉದ್ದ ಎಷ್ಟು, ಅಗಲ ಎಷ್ಟು ಬೇಕ್ರಿ?"